ಮಾದರಿಯ ಆಯ್ಕೆ: ಸಂಖ್ಯಾಶಾಸ್ತ್ರೀಯ ಸಂಶೋಧನೆಯ ಒಂದು ಸಮಸ್ಯೆ ಮತ್ತು ಕನ್ನಡ ಅಧ್ಯಯನ

1. ಪೀಠಿಕೆ

ಬೆಂಗಳೂರಿನ ಪಶ್ಚಿಮ ಭಾಗದಲ್ಲಿ, ಕೆಂಗೇರಿಯ ಕಡೆಗೆ ಸಾಗುವ ಮೈಸೂರು ರಸ್ತೆಯ ಎಂಟನೆಯ ಮೈಲಿಯ ಬಳಿ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ಬೆಂಗಳೂರು ಕೇಂದ್ರವಿದೆ. ಪ್ರಶಾಂತಚಂದ್ರ ಮಹಲನೋಬಿಸ್ ಅವರು 1931ರಲ್ಲಿ ಕಲ್ಕತ್ತೆಯಲ್ಲಿ ಸ್ಥಾಪಿಸಿದ ಈ ಸಂಸ್ಥೆಯ ಬೆಂಗಳೂರು ಶಾಖೆಯು 1978ರಲ್ಲಿ ಕೇಂದ್ರವಾಗಿ ರೂಪುಗೊಂಡು, 1985ರಲ್ಲಿ ಈಗಿನ ಆವರಣಕ್ಕೆ ಬಂದಿತು. ಅಲ್ಲಿಂದ ಅನತಿದೂರದಲ್ಲಿಯೇ ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿ ಆವರಣವಿದೆ. ಅದರೊಳಗೆ ಕನ್ನಡ ಅಧ್ಯಯನ ಕೇಂದ್ರವಿದೆ. ಒಂದೆಡೆ ಡಾಕ್ಟರೇಟ್ ಪದವಿಗಾಗಿ ದುಡಿಯುವ ವಿದ್ಯಾರ್ಥಿಯು ಅಂಕಿಗಳ ರಾಶಿಯನ್ನು ವಿವರಿಸಬಲ್ಲ ಹಲವು ಸಮೀಕರಣಗಳಲ್ಲಿ ಒಂದನ್ನು ಆರಿಸಬೇಕಾಗುತ್ತದೆ. ಇನ್ನೊಂದೆಡೆ ಅದೇ ಪದವಿಗಾಗಿ ದುಡಿಯುವ ವಿದ್ಯಾರ್ಥಿಯು ಕಾಲ ನಮೂದಿಸದ ಶಾಸನವೊಂದಕ್ಕೆ ವಿದ್ವಾಂಸರು ಸೂಚಿಸಿರುವ ಹಲವು ಕಾಲಗಳಲ್ಲಿ ಒಂದನ್ನು ಆರಿಸಬೇಕಾಗುತ್ತದೆ. ಮೇಲ್ನೋಟಕ್ಕೆ ಸಂಬಂಧವಿಲ್ಲದಂತೆ ಕಾಣುವ ಈ ಎರಡು ಕೆಲಸಗಳ ತಳದಲ್ಲಿರುವ ಪ್ರಶ್ನೆ ಒಂದೇ: ಕೈಯಲ್ಲಿರುವ ಸಾಮಗ್ರಿಗೆ ಹಲವು ವಿವರಣೆಗಳು ಹೊಂದುತ್ತಿರುವಾಗ ಯಾವುದನ್ನು ಒಪ್ಪಬೇಕು, ಯಾವ ಆಧಾರದ ಮೇಲೆ ಒಪ್ಪಬೇಕು?

ಸಂಖ್ಯಾಶಾಸ್ತ್ರದಲ್ಲಿ ಈ ಪ್ರಶ್ನೆಗೆ 'ಮಾದರಿಯ ಆಯ್ಕೆ' ಎಂಬ ಹೆಸರಿನಲ್ಲಿ ಅರ್ಧ ಶತಮಾನಕ್ಕೂ ಮಿಕ್ಕಿದ ಚಿಂತನೆ ನಡೆದಿದೆ. ಅದರ ಸ್ಥೂಲ ಪರಿಚಯವನ್ನು ನೀಡಿ, ಅದರಲ್ಲಿ ಕರ್ನಾಟಕದ ನಂಟುಳ್ಳ ವಿದ್ವಾಂಸರ ಪಾತ್ರವನ್ನು ಗುರುತಿಸಿ, ಕನ್ನಡ ಸಂಶೋಧನೆಗೆ ಅದರಿಂದ ದೊರೆಯಬಹುದಾದ ಶಿಸ್ತನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶವಾಗಿದೆ.

2. ಪದದ ತೊಡಕು

ಮೊದಲಿಗೆ ಪರಿಭಾಷೆಯ ಒಂದು ತೊಡಕನ್ನು ಬಿಡಿಸಿಕೊಳ್ಳುವುದು ಅಗತ್ಯ. ಕನ್ನಡದಲ್ಲಿ 'ಮಾದರಿ' ಎಂಬ ಪದ ಎರಡು ಅರ್ಥಗಳಲ್ಲಿ ಬಳಕೆಯಲ್ಲಿದೆ. 'ರಕ್ತದ ಮಾದರಿ', 'ಮಣ್ಣಿನ ಮಾದರಿ' ಎನ್ನುವಾಗ ಅದು ದೊಡ್ಡದೊಂದರಿಂದ ತೆಗೆದ ಸಣ್ಣ ಭಾಗ. 'ಮಾದರಿ ಗ್ರಾಮ', 'ಸೇತುವೆಯ ಮಾದರಿ' ಎನ್ನುವಾಗ ಅದು ಅನುಸರಿಸಬೇಕಾದ ಅಥವಾ ಪ್ರತಿನಿಧಿಸುವ ರೂಪ. ಸಂಖ್ಯಾಶಾಸ್ತ್ರದಲ್ಲಿ ಈ ಎರಡೂ ಬೇಕಾದ ಪರಿಕಲ್ಪನೆಗಳೇ ಆಗಿರುವುದರಿಂದ ಒಂದೇ ಪದ ಗೊಂದಲಕ್ಕೆ ಎಡೆಮಾಡುತ್ತದೆ. ಇಲ್ಲಿ ಮೊದಲನೆಯದಕ್ಕೆ 'ಪ್ರತಿಚಯ' ಎಂಬ ಪದವನ್ನೂ ಎರಡನೆಯದಕ್ಕೆ ಮಾತ್ರ 'ಮಾದರಿ' ಎಂಬ ಪದವನ್ನೂ ಬಳಸಲಾಗಿದೆ. ಮಾದರಿ ಎಂದರೆ ದತ್ತಾಂಶ ಹೇಗೆ ಹುಟ್ಟಿರಬಹುದು ಎಂಬುದರ ಬಗೆಗಿನ, ಸಂಭವನೀಯತೆಯ ಭಾಷೆಯಲ್ಲಿ ಹೇಳಿದ ಒಂದು ಊಹೆ. ಆ ಊಹೆಯೊಳಗೆ ದತ್ತಾಂಶದಿಂದಲೇ ಬೆಲೆಕಟ್ಟಬೇಕಾದ ಅಜ್ಞಾತ ಸಂಖ್ಯೆಗಳಿಗೆ 'ಪ್ರಾಚಲ'ಗಳೆಂದು ಹೆಸರು.

3. ಹೊಂದಿಕೆಯ ಮೋಸ

ಒಂದು ಕಲ್ಪಿತ ಉದಾಹರಣೆಯನ್ನು ಗಮನಿಸಬಹುದು. ಕಾಲ ನಮೂದಾಗಿರುವ ನೂರು ಶಾಸನಗಳಲ್ಲಿ ಕೆಲವು ಅಕ್ಷರಗಳ ರೂಪಗಳನ್ನು ಅಳೆದು, ಅಳತೆಗೂ ಕಾಲಕ್ಕೂ ಇರುವ ಸಂಬಂಧವನ್ನು ಕಂಡುಕೊಳ್ಳುವ ಪ್ರಯತ್ನ ನಡೆದಿದೆ ಎಂದುಕೊಳ್ಳೋಣ. ಆ ಸಂಬಂಧ ದೊರೆತರೆ ಕಾಲವಿಲ್ಲದ ಶಾಸನಗಳಿಗೂ ಕಾಲ ಸೂಚಿಸಬಹುದು. 'ಕ'ಕಾರದ ಎತ್ತರವೊಂದನ್ನೇ ಆಧರಿಸಿದ ಸರಳ ಮಾದರಿಯನ್ನು ಮೊದಲು ರಚಿಸಬಹುದು. ಅನಂತರ ತಲೆಕಟ್ಟಿನ ಅಗಲ, 'ಮ'ಕಾರದ ಬಾಗು, ಸಾಲುಗಳ ನಡುವಿನ ಅಂತರ ಹೀಗೆ ಒಂದೊಂದನ್ನೇ ಸೇರಿಸುತ್ತ ಹೋಗಬಹುದು. ಪ್ರತಿ ಸೇರ್ಪಡೆಯಿಂದಲೂ ಆ ನೂರು ಶಾಸನಗಳ ಮಟ್ಟಿಗೆ ಹೊಂದಿಕೆ ಉತ್ತಮಗೊಳ್ಳುತ್ತದೆ, ಎಂದಿಗೂ ಕೆಡುವುದಿಲ್ಲ. ಕಲ್ಲಿನ ತೂಕವನ್ನು ಸೇರಿಸಿದರೂ ಹೊಂದಿಕೆ ತುಸು ಹೆಚ್ಚೀತೇ ಹೊರತು ಕಡಿಮೆಯಾಗದು. ಕೊನೆಗೆ ನೂರು ಶಾಸನಗಳಿಗೆ ನೂರು ಪ್ರಾಚಲಗಳಾದಾಗ ಹೊಂದಿಕೆ ಪರಿಪೂರ್ಣವಾಗುತ್ತದೆ. ಆದರೆ ನೂರೊಂದನೆಯ ಶಾಸನದ ಮುಂದೆ ಅಂಥ ಮಾದರಿ ನಿರುಪಯುಕ್ತ. ಅದು ಅಕ್ಷರಗಳ ಬೆಳವಣಿಗೆಯನ್ನು ಗ್ರಹಿಸಿರುವುದಿಲ್ಲ. ಆ ನೂರು ಕಲ್ಲುಗಳ ಆಕಸ್ಮಿಕ ಓರೆಕೋರೆಗಳನ್ನು ಬಾಯಿಪಾಠ ಮಾಡಿರುತ್ತದೆ. ಇದನ್ನು 'ಅತಿಹೊಂದಿಕೆ' ಎನ್ನಬಹುದು.

ಅಮೆರಿಕದ ಸಂಖ್ಯಾಶಾಸ್ತ್ರಜ್ಞ ಡೇವಿಡ್ ಫ್ರೀಡ್‌ಮನ್ 1983ರಲ್ಲಿ ಪ್ರಕಟಿಸಿದ ಒಂದು ಕಿರುಲೇಖನ ಈ ಅಪಾಯವನ್ನು ಸ್ಪಷ್ಟವಾಗಿ ತೋರಿಸಿತು. ಪರಸ್ಪರ ಯಾವ ಸಂಬಂಧವೂ ಇಲ್ಲದ, ಯಾದೃಚ್ಛಿಕವಾಗಿ ಪಡೆದ ಅಂಕಿಗಳನ್ನೇ ಅವರು ದತ್ತಾಂಶವಾಗಿ ತೆಗೆದುಕೊಂಡರು. ಮೊದಲ ಸುತ್ತಿನಲ್ಲಿ ತಕ್ಕಮಟ್ಟಿಗೆ ಹೊಂದುವಂತೆ ಕಂಡ ಅಂಶಗಳನ್ನು ಮಾತ್ರ ಉಳಿಸಿಕೊಂಡು, ಅದೇ ದತ್ತಾಂಶದ ಮೇಲೆ ಮತ್ತೆ ಲೆಕ್ಕ ಮಾಡಿದಾಗ ಅವುಗಳಲ್ಲಿ ಹಲವು 'ಗಣನೀಯ'ವೆಂದು ತೋರಿದವು. ಅಸ್ತಿತ್ವದಲ್ಲೇ ಇಲ್ಲದ ಸಂಬಂಧಗಳು ಆಯ್ಕೆಯ ಕ್ರಿಯೆಯಿಂದಲೇ ಹುಟ್ಟಿಕೊಂಡಿದ್ದವು. ಹೊಂದಿಕೆಯು ಸತ್ಯದ ಪ್ರಮಾಣವಲ್ಲವೆಂಬುದು ಈ ಕ್ಷೇತ್ರದ ಮೊದಲ ಪಾಠ.

4. ಎರಡು ಅಳತೆಗೋಲುಗಳು

ಹೊಂದಿಕೆಯ ಜೊತೆಗೆ ಜಟಿಲತೆಗೂ ಬೆಲೆ ತೆರಬೇಕೆಂಬ ವಿಚಾರ 1970ರ ದಶಕದಲ್ಲಿ ಖಚಿತ ರೂಪ ಪಡೆಯಿತು. ಜಪಾನಿನ ಹಿರೋಟುಗು ಅಕೈಕೆ 1973ರಲ್ಲಿ ಮಂಡಿಸಿದ ಮಾನದಂಡದಲ್ಲಿ ಪ್ರತಿಯೊಂದು ಪ್ರಾಚಲಕ್ಕೂ 2 ಅಂಕಗಳ ದಂಡವಿದೆ. ಗಿಡಿಯಾನ್ ಶ್ವಾರ್ಜ್ 1978ರಲ್ಲಿ ಸೂಚಿಸಿದ ಮಾನದಂಡದಲ್ಲಿ ಪ್ರತಿ ಪ್ರಾಚಲದ ದಂಡವು ಪ್ರತಿಚಯದ ಗಾತ್ರದ ಸ್ವಾಭಾವಿಕ ಲಘುಗಣಕಕ್ಕೆ ಸಮ. ಪ್ರತಿಚಯದಲ್ಲಿ 8 ಅಥವಾ ಅದಕ್ಕಿಂತ ಹೆಚ್ಚು ಅಂಶಗಳಿದ್ದಾಗ ಶ್ವಾರ್ಜರ ದಂಡವೇ ಕಠಿಣವಾಗುತ್ತದೆ. ಎರಡರಲ್ಲಿಯೂ ಒಟ್ಟು ಅಂಕ ಕಡಿಮೆಯಿರುವ ಮಾದರಿಯೇ ಗ್ರಾಹ್ಯ.

ಮೇಲಿನ ಕಲ್ಪಿತ ಉದಾಹರಣೆಯನ್ನೇ ಮುಂದುವರಿಸಿದರೆ ಎರಡರ ವ್ಯತ್ಯಾಸ ತಿಳಿಯುತ್ತದೆ. ಮೊದಲ ಮಾದರಿಯಲ್ಲಿ 3 ಪ್ರಾಚಲಗಳಿದ್ದು ಅದರ ಹೊಂದದಿರುವಿಕೆಯ ಅಂಕ 420 ಎಂದೂ, ಎರಡನೆಯದರಲ್ಲಿ 6 ಪ್ರಾಚಲಗಳಿದ್ದು ಅಂಕ 411 ಎಂದೂ ಇಟ್ಟುಕೊಳ್ಳೋಣ. ಅಕೈಕೆಯವರ ಕ್ರಮದಲ್ಲಿ ಮೊದಲನೆಯದು 426, ಎರಡನೆಯದು 423. ಆದುದರಿಂದ ಎರಡನೆಯದು ಗೆಲ್ಲುತ್ತದೆ. ಶ್ವಾರ್ಜರ ಕ್ರಮದಲ್ಲಿ ನೂರರ ಲಘುಗಣಕ ಸುಮಾರು 4.6, ಮೊದಲನೆಯದು 433.8, ಎರಡನೆಯದು 438.6. ಈಗ ಮೊದಲನೆಯದು ಗೆಲ್ಲುತ್ತದೆ. ದತ್ತಾಂಶ ಒಂದೇ, ಸ್ಪರ್ಧಿಗಳು ಅವರೇ, ತೀರ್ಪು ಮಾತ್ರ ವಿರುದ್ಧ. ಸಂಶೋಧನೆಗೆ ತೊಡಗುವ ವಿದ್ಯಾರ್ಥಿಯನ್ನು ಮೊದಲು ಕಂಗೆಡಿಸುವುದು ಈ ಸಂದರ್ಭವೇ. ಗಣಕಯಂತ್ರ ಎರಡೂ ಅಂಕಗಳನ್ನು ಕ್ಷಣಮಾತ್ರದಲ್ಲಿ ಅಚ್ಚುಹಾಕಿ ಕೊಡುತ್ತದೆ. ಯಾವುದನ್ನು ನಂಬಬೇಕೆಂಬುದನ್ನು ಅದು ಹೇಳುವುದಿಲ್ಲ.

ಈ ವಿರೋಧಕ್ಕೆ ಕಾರಣ ಎರಡು ಅಳತೆಗೋಲುಗಳ ಉದ್ದೇಶಗಳೇ ಬೇರೆಯಾಗಿರುವುದು. ಮುಂದೆ ದೊರೆಯಲಿರುವ ದತ್ತಾಂಶವನ್ನು ಆದಷ್ಟು ಚೆನ್ನಾಗಿ ಮುನ್ಸೂಚಿಸುವ ಮಾದರಿ ಯಾವುದೆಂಬುದು ಅಕೈಕೆಯವರ ಪ್ರಶ್ನೆ. ಸ್ಪರ್ಧೆಯಲ್ಲಿರುವ ಮಾದರಿಗಳಲ್ಲಿ ನಿಜವಾದುದು ಯಾವುದಾಗಿರುವ ಸಂಭವ ಹೆಚ್ಚು ಎಂಬುದು ಶ್ವಾರ್ಜರ ಪ್ರಶ್ನೆ. ಮುನ್ಸೂಚನೆಗೆ ತುಸು ಹೆಚ್ಚಿನ ಭಾರವಿದ್ದರೂ ಬಾಧಕವಿಲ್ಲ. ನಿಜವನ್ನು ಗುರುತಿಸುವಲ್ಲಿ ಅನಗತ್ಯವಾದ ಒಂದು ಪ್ರಾಚಲವೂ ತಪ್ಪೇ.

5. ಕರ್ನಾಟಕದ ನಂಟುಳ್ಳ ಇಬ್ಬರು

ಈ ಭೇದವನ್ನು ಸ್ಪಷ್ಟಗೊಳಿಸುವಲ್ಲಿ ಆರ್. ಎಲ್. ಕಶ್ಯಪ್ ಅವರ ಕೆಲಸ ಗಮನಾರ್ಹವಾದುದು. ಕನ್ನಡ ಓದುಗರಲ್ಲಿ ಅನೇಕರು ಅವರನ್ನು ಬಲ್ಲುದು ವೇದಗಳ ಅನುವಾದಕರೆಂದು, ಬೆಂಗಳೂರಿನ 'ಸಾಕ್ಷಿ' ಸಂಸ್ಥೆಯ ಮೂಲಕ ವೇದಸಾಹಿತ್ಯವನ್ನು ಪ್ರಕಟಿಸಿದವರೆಂದು. 2021ರಲ್ಲಿ ಅವರಿಗೆ ಪದ್ಮಶ್ರೀ ಪ್ರಶಸ್ತಿ ಸಂದಿತು. 2022ರಲ್ಲಿ ಅವರು ನಿಧನರಾದರು. ಅದಕ್ಕೂ ಹಿಂದೆ ಅವರು ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ದೀರ್ಘಕಾಲ ಪ್ರಾಧ್ಯಾಪಕರಾಗಿದ್ದರು. ಎ. ರಾಮಚಂದ್ರ ರಾವ್ ಅವರೊಡನೆ 1976ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ನದಿಗಳ ಹರಿವಿನಂತಹ, ಕಾಲಾನುಕ್ರಮದಲ್ಲಿ ದೊರೆಯುವ ದತ್ತಾಂಶಗಳಿಗೆ ಮಾದರಿ ರಚಿಸುವ, ಹೋಲಿಸುವ ಮತ್ತು ಪರೀಕ್ಷಿಸುವ ಕ್ರಮವನ್ನು ಅವರು ವಿವರಿಸಿದ್ದಾರೆ.

1980ರಲ್ಲಿ ಕಶ್ಯಪ್ ಪ್ರಕಟಿಸಿದ ಲೇಖನವೊಂದು ಅಕೈಕೆಯವರ ಮಾನದಂಡದ ಮಿತಿಯನ್ನು ಗಣಿತದ ಮೂಲಕ ತೋರಿಸಿತು. ಹಿಂದಿನ ಎಷ್ಟು ಅವಧಿಗಳ ಬೆಲೆಗಳು ಇಂದಿನ ಬೆಲೆಯನ್ನು ನಿರ್ಧರಿಸುತ್ತವೆ ಎಂಬುದನ್ನು ಆ ಮಾನದಂಡದಿಂದ ಗುರುತಿಸಹೊರಟರೆ, ದತ್ತಾಂಶ ಎಷ್ಟೇ ಹೆಚ್ಚಿದರೂ ತಪ್ಪುವ ಸಂಭವ ಸೊನ್ನೆಗೆ ಇಳಿಯುವುದಿಲ್ಲ. ಇದನ್ನು ಅತ್ಯಂತ ಸರಳ ಸನ್ನಿವೇಶದಲ್ಲಿ ಹೀಗೆ ತಿಳಿಯಬಹುದು. ನಿಜವಾದ ಮಾದರಿಗೂ ಅದಕ್ಕೆ ಒಂದೇ ಒಂದು ಅನಗತ್ಯ ಪ್ರಾಚಲ ಸೇರಿಸಿದ ಮಾದರಿಗೂ ನಡುವೆ ಸ್ಪರ್ಧೆಯಿದ್ದಾಗ, ಪ್ರತಿಚಯ ದೊಡ್ಡದಿದ್ದರೂ ಅಕೈಕೆಯವರ ಮಾನದಂಡ ನೂರರಲ್ಲಿ ಸುಮಾರು 16 ಬಾರಿ ಅನಗತ್ಯವಾದುದನ್ನೇ ಆರಿಸುತ್ತದೆ. ಶ್ವಾರ್ಜರ ಮಾನದಂಡದಲ್ಲಿ ಈ ತಪ್ಪು ಪ್ರತಿಚಯದ ಗಾತ್ರ 100 ಇದ್ದಾಗ ನೂರಕ್ಕೆ ಸುಮಾರು 3, ಗಾತ್ರ 1000 ಆದಾಗ ನೂರಕ್ಕೆ ಒಂದಕ್ಕಿಂತ ಕಡಿಮೆ. 1982ರಲ್ಲಿ ಕಶ್ಯಪ್ ತಮ್ಮದೇ ಒಂದು ಮಾನದಂಡವನ್ನು ಮಂಡಿಸಿದರು. ಅದು ಪ್ರಾಚಲಗಳ ಸಂಖ್ಯೆಯನ್ನು ಮಾತ್ರವಲ್ಲದೆ, ದತ್ತಾಂಶವು ಆ ಪ್ರಾಚಲಗಳ ಬಗ್ಗೆ ಎಷ್ಟು ಮಾಹಿತಿ ನೀಡುತ್ತದೆ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಅಂತರ್ಜಲದ ಚಲನೆಯನ್ನು ಅಧ್ಯಯನ ಮಾಡುವವರು ಅದನ್ನು ಅವರ ಹೆಸರಿನಿಂದಲೇ ಬಳಸುತ್ತ ಬಂದಿದ್ದಾರೆ.

'ಮಾಹಿತಿ' ಎಂಬುದನ್ನು ಹೀಗೆ ಅಳೆಯುವ ಕಲ್ಪನೆಗೆ ಆರ್. ಎ. ಫಿಷರ್ ಮೂಲಪುರುಷರು. ಅದಕ್ಕೆ ಜ್ಯಾಮಿತಿಯ ರೂಪ ಕೊಟ್ಟವರು ಸಿ. ಆರ್. ರಾವ್. 1920ರಲ್ಲಿ, ಆಗ ಮದರಾಸು ಪ್ರಾಂತ್ಯದ ಬಳ್ಳಾರಿ ಜಿಲ್ಲೆಗೆ ಸೇರಿದ್ದ, ಇಂದು ವಿಜಯನಗರ ಜಿಲ್ಲೆಯಲ್ಲಿರುವ ಹೂವಿನಹಡಗಲಿಯಲ್ಲಿ, ತೆಲುಗು ಮನೆಮಾತಿನ ಕುಟುಂಬದಲ್ಲಿ ಅವರು ಜನಿಸಿದರು. ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯಲ್ಲಿ ತರಬೇತಿ ಪಡೆದು, ಅಲ್ಲಿಯೇ ದಶಕಗಳ ಕಾಲ ದುಡಿದು, ಅನಂತರ ಅಮೆರಿಕದಲ್ಲಿ ನೆಲೆಸಿದರು. 1945ರಲ್ಲಿ ಕಲ್ಕತ್ತಾ ಗಣಿತ ಸಂಘದ ಪತ್ರಿಕೆಯಲ್ಲಿ ಪ್ರಕಟವಾದ ಅವರ ಲೇಖನ ಸಂಖ್ಯಾಶಾಸ್ತ್ರದ ದಿಕ್ಕನ್ನೇ ಬದಲಿಸಿತು. ಅದೇ ಕೆಲಸಕ್ಕಾಗಿ 2023ರಲ್ಲಿ ಅಂತಾರಾಷ್ಟ್ರೀಯ ಸಂಖ್ಯಾಶಾಸ್ತ್ರ ಪ್ರಶಸ್ತಿ ಅವರಿಗೆ ಸಂದಿತು. ಅದೇ ವರ್ಷ ಅವರು ತೀರಿಕೊಂಡರು. ಮಾದರಿಯ ಆಯ್ಕೆಯ ಕುರಿತು ಯೂಹುವಾ ವು ಅವರೊಡನೆ ರಾವ್ 1989ರಲ್ಲಿ ಪ್ರಕಟಿಸಿದ ಲೇಖನ, ರಿಗ್ರೆಷನ್ ಸಮಸ್ಯೆಯಲ್ಲಿ ದತ್ತಾಂಶ ಬೆಳೆದಂತೆ ನಿಜವಾದ ಮಾದರಿಯನ್ನೇ ತಲಪುವ ಕ್ರಮವೊಂದನ್ನು ನೀಡಿತು. 2001ರಲ್ಲಿ ಅವರಿಬ್ಬರೂ ಇಡೀ ಕ್ಷೇತ್ರದ ಸಮೀಕ್ಷೆಯನ್ನೂ ಪ್ರಕಟಿಸಿದರು.

ಇಷ್ಟರಿಂದ ಅಕೈಕೆಯವರ ಮಾನದಂಡ ಸೋತಿತೆಂದು ತಿಳಿಯಬೇಕಾಗಿಲ್ಲ. ನಿಜವಾದ ಮಾದರಿ ಸ್ಪರ್ಧೆಯಲ್ಲಿಯೇ ಇಲ್ಲದಿರುವಾಗ, ಅಂದರೆ ಲೋಕವು ಎಲ್ಲ ಮಾದರಿಗಳಿಗಿಂತಲೂ ಜಟಿಲವಾಗಿರುವಾಗ, ಮುನ್ಸೂಚನೆಯ ದೃಷ್ಟಿಯಿಂದ ಅದೇ ಶ್ರೇಷ್ಠವೆಂಬುದನ್ನು ಜಪಾನಿನ ರಿಟೈ ಷಿಬಾಟಾ 1980-81ರಲ್ಲಿ ತೋರಿಸಿದರು. ಎರಡರ ಗುಣಗಳನ್ನೂ ಒಂದೇ ಮಾನದಂಡದಲ್ಲಿ ಪೂರ್ಣವಾಗಿ ಕೂಡಿಸಲಾಗದೆಂದು 2005ರಲ್ಲಿ ಯೂಹಾಂಗ್ ಯಾಂಗ್ ಸಾಧಿಸಿದರು. ಉದ್ದೇಶವನ್ನು ಬದಿಗಿಟ್ಟು 'ಉತ್ತಮ ಮಾದರಿ ಯಾವುದು?' ಎಂದು ಕೇಳುವ ಪ್ರಶ್ನೆಗೆ ಉತ್ತರವಿಲ್ಲವೆಂಬುದು ಇದರಿಂದ ವಿದಿತವಾಗುತ್ತದೆ.

6. ಬೇಸ್ ಪಂಥ ಮತ್ತು ಬೆಂಗಳೂರು

ಶ್ವಾರ್ಜರ ಮಾನದಂಡದ ಬೇರು ಇರುವುದು ಬೇಸ್ ಪಂಥದಲ್ಲಿ. ಪ್ರತಿ ಮಾದರಿಗೂ ಮೊದಲೇ ಒಂದು ಸಂಭವನೀಯತೆಯನ್ನು ಕೊಟ್ಟು, ದತ್ತಾಂಶ ಕಂಡ ಮೇಲೆ ಅದನ್ನು ತಿದ್ದಿಕೊಳ್ಳುವುದು ಈ ಪಂಥದ ಕ್ರಮ. ಸಂಸ್ಥೆಯ ಬೆಂಗಳೂರು ಕೇಂದ್ರದಲ್ಲಿ ಅಧ್ಯಾಪಕರಾಗಿದ್ದ ಮೋಹನ್ ದೇಲಂಪಾಡಿಯವರು ಜೇಮ್ಸ್ ಬರ್ಗರ್ ಅವರೊಡನೆ 1987ರಲ್ಲಿ ಪ್ರಕಟಿಸಿದ ಲೇಖನ ಈ ದೃಷ್ಟಿಯಿಂದ ಮುಖ್ಯವಾದುದು. 'ಯಾವ ಪರಿಣಾಮವೂ ಇಲ್ಲ' ಎಂಬಂತಹ ಖಚಿತ ಊಹೆಯನ್ನು ರೂಢಿಯ 0.05 ಮಟ್ಟದಲ್ಲಿ ತಿರಸ್ಕರಿಸಿದಾಗ, ಆ ಊಹೆ ನಿಜವಾಗಿರುವ ಸಂಭವ ನೂರಕ್ಕೆ ಐದೆಂದು ಭಾವಿಸುವುದು ತಪ್ಪು. ಊಹೆಗೂ ಅದರ ಪ್ರತಿಪಕ್ಷಕ್ಕೂ ಆರಂಭದಲ್ಲಿ ಸಮಪಾಲು ಕೊಟ್ಟು ಲೆಕ್ಕಹಾಕಿದರೆ, ಸಾಮಾನ್ಯವಾಗಿ ಒಪ್ಪಬಹುದಾದ ಪೂರ್ವಕಲ್ಪನೆಗಳಲ್ಲಿ ಆ ಸಂಭವ ನೂರಕ್ಕೆ ಸುಮಾರು 30ಕ್ಕಿಂತ ಕೆಳಗೆ ಇಳಿಯುವುದಿಲ್ಲ. ಜಯಂತ ಘೋಷ್, ದೇಲಂಪಾಡಿ ಮತ್ತು ತಪಸ್ ಸಾಮಂತ ಅವರು 2006ರಲ್ಲಿ ಹೊರತಂದ ಬೇಸ್ ವಿಶ್ಲೇಷಣೆಯ ಪಠ್ಯಗ್ರಂಥವು ಉನ್ನತ ಹಂತದ ವಿದ್ಯಾರ್ಥಿಗಳಿಗೆ ಈ ವಿಚಾರಗಳನ್ನು ಕ್ರಮವಾಗಿ ಪರಿಚಯಿಸುತ್ತದೆ.

7. ಆಯ್ಕೆಯ ನಂತರದ ಪ್ರಾಮಾಣಿಕತೆ

ಡಾಕ್ಟರೇಟ್ ಹಂತದ ಅಧ್ಯಯನಕ್ಕೂ ಅದಕ್ಕೆ ಹಿಂದಿನ ಹಂತಗಳಿಗೂ ಇರುವ ಅಂತರ ಇಲ್ಲಿ ಎದ್ದು ಕಾಣುತ್ತದೆ. ಸ್ನಾತಕೋತ್ತರ ತರಗತಿಯಲ್ಲಿ ಮಾದರಿ ಮೊದಲೇ ಕೊಟ್ಟಿರುತ್ತದೆ. ಪ್ರಾಚಲಗಳ ಬೆಲೆ ಕಂಡುಹಿಡಿದರೆ ಸಾಕು. ಸಂಶೋಧಕನಿಗೆ ಮಾದರಿಯನ್ನು ಯಾರೂ ಕೊಡುವುದಿಲ್ಲ. ಹತ್ತಾರು ಮಾದರಿಗಳನ್ನು ಪ್ರಯತ್ನಿಸಿ, ಒಂದನ್ನು ಉಳಿಸಿಕೊಂಡು, ಪ್ರಬಂಧದಲ್ಲಿ ಅದೊಂದೇ ಮೊದಲಿನಿಂದಲೂ ಇದ್ದಂತೆ ಬರೆಯುವ ಆಮಿಷ ಎದುರಾಗುತ್ತದೆ. ಹಾಗೆ ಬರೆದಾಗ ಫಲಿತಾಂಶದ ಜೊತೆಗೆ ನಮೂದಿಸುವ ದೋಷದ ಮಿತಿಗಳು ಇರಬೇಕಾದುದಕ್ಕಿಂತ ಕಿರಿದಾಗುತ್ತವೆ. ಏಕೆಂದರೆ ಆಯ್ಕೆಯಲ್ಲಿಯೇ ಇದ್ದ ಅನಿಶ್ಚಿತತೆ ಅವುಗಳಲ್ಲಿ ಸೇರಿರುವುದಿಲ್ಲ. ಲಿಯೋ ಬ್ರೈಮನ್ 1992ರಲ್ಲಿ ಇದನ್ನು ಸಂಖ್ಯಾಶಾಸ್ತ್ರಜ್ಞರ ಸಮುದಾಯದ ಸದ್ದಿಲ್ಲದ ಹಗರಣವೆಂದೇ ಟೀಕಿಸಿದ್ದರು.

ಇದಕ್ಕೆ ಮೂರು ಪರಿಹಾರಗಳು ಬಳಕೆಯಲ್ಲಿವೆ. ದತ್ತಾಂಶದ ಒಂದು ಭಾಗವನ್ನು ಮುಟ್ಟದೆ ಎತ್ತಿಟ್ಟು, ಆರಿಸಿದ ಮಾದರಿಯನ್ನು ಅದರ ಮೇಲೆ ಪರೀಕ್ಷಿಸುವುದು ಮೊದಲನೆಯದು. ಒಂದೇ ಮಾದರಿಗೆ ಅಂಟಿಕೊಳ್ಳದೆ, ಹಲವು ಮಾದರಿಗಳ ತೀರ್ಪುಗಳನ್ನು ಅವುಗಳ ಅರ್ಹತೆಗೆ ತಕ್ಕಂತೆ ಸರಾಸರಿ ಮಾಡುವುದು ಎರಡನೆಯದು. ಪ್ರಯತ್ನಿಸಿ ಕೈಬಿಟ್ಟ ಮಾದರಿಗಳನ್ನೂ ಆಯ್ಕೆಯ ಮಾನದಂಡವನ್ನೂ ಪ್ರಬಂಧದಲ್ಲಿ ಮುಚ್ಚುಮರೆಯಿಲ್ಲದೆ ದಾಖಲಿಸುವುದು ಮೂರನೆಯದು. ಮೂರನೆಯದಕ್ಕೆ ಗಣಿತ ಬೇಕಾಗಿಲ್ಲ. ಆದರೆ ಪಾಲಿಸಲು ಅದೇ ಹೆಚ್ಚು ಕಷ್ಟವಾದುದು.

8. ಕನ್ನಡ ಅಧ್ಯಯನದ ಸಂದರ್ಭದಲ್ಲಿ

ಸಾಹಿತ್ಯ ಸಂಶೋಧನೆಯಲ್ಲಿ ಇಂತಹ ಆಯ್ಕೆಗೆ ಪ್ರಸಿದ್ಧ ನಿದರ್ಶನವೆಂದರೆ ಅಮೆರಿಕದ 'ಫೆಡರಲಿಸ್ಟ್' ಲೇಖನಗಳ ಕರ್ತೃತ್ವ. ಆ ಮಾಲೆಯ 12 ಲೇಖನಗಳು ಹ್ಯಾಮಿಲ್ಟನ್‌ನವೋ ಮ್ಯಾಡಿಸನ್‌ನವೋ ಎಂಬ ವಿವಾದವಿತ್ತು. ಮಾಸ್ಟೆಲರ್ ಮತ್ತು ವಾಲೇಸ್ 1964ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ವಿಷಯಕ್ಕೆ ಅಂಟಿದ ಪದಗಳನ್ನು ಬಿಟ್ಟು, ಬರೆಯುವವನ ಗಮನಕ್ಕೆ ಬಾರದೆ ನುಸುಳುವ 30 ಸಣ್ಣ ಪದಗಳನ್ನು ಆಧರಿಸಿ, ಅವು ಮ್ಯಾಡಿಸನ್‌ನವೆಂದು ನಿರ್ಣಯಿಸಿದರು. ಇಬ್ಬರೂ ಬರೆದುದೆಂದು ಖಚಿತವಾಗಿ ಗೊತ್ತಿದ್ದ ಬರಹಗಳು ವಿಪುಲವಾಗಿ ದೊರೆಯುತ್ತಿದ್ದುದರಿಂದಲೇ ಇದು ಸಾಧ್ಯವಾಯಿತು.

ಈ ಕ್ರಮವನ್ನು 'ಕವಿರಾಜಮಾರ್ಗ'ಕ್ಕೆ ಅನ್ವಯಿಸಬಹುದೇ ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ. ಒಂಬತ್ತನೆಯ ಶತಮಾನದ ಈ ಗ್ರಂಥದ ಕರ್ತೃ ನೃಪತುಂಗನೋ ಶ್ರೀವಿಜಯನೋ ಎಂಬ ಚರ್ಚೆ ಕನ್ನಡದಲ್ಲಿ ದೀರ್ಘವಾಗಿ ನಡೆದಿದೆ. 'ಉಂ', 'ಏ', 'ಓ' ಮುಂತಾದ ಅವ್ಯಯಗಳ, ವಿಭಕ್ತಿಪ್ರತ್ಯಯಗಳ ಪ್ರಮಾಣವನ್ನು ಎಣಿಸುವುದು ಕಷ್ಟವಲ್ಲ. ಆದರೆ ಹೋಲಿಕೆಗೆ ಬೇಕಾದ ಇನ್ನೊಂದು ತಟ್ಟೆ ಬರಿದಾಗಿದೆ. ಶ್ರೀವಿಜಯನವೆಂದು ಹೇಳಲಾಗುವ ಬೇರೆ ಕೃತಿಗಳು ಉಪಲಬ್ಧವಿಲ್ಲ. ನೃಪತುಂಗನದೆಂದು ನಿರ್ವಿವಾದವಾಗಿ ಹೇಳಬಹುದಾದ ಬೇರೊಂದು ಕನ್ನಡ ಕಾವ್ಯವೂ ಇಲ್ಲ. ಆದ್ದರಿಂದ ಇಲ್ಲಿ ಎರಡು ಊಹೆಗಳಿದ್ದರೂ ಅವು ಸಂಖ್ಯಾಶಾಸ್ತ್ರದ ಅರ್ಥದಲ್ಲಿ ಎರಡು ಮಾದರಿಗಳಲ್ಲ. ಯಾವ ಗಣಕವಾದರೂ ಒಂದು ಅಂಕವನ್ನು ಕೊಟ್ಟರೆ ಅದು ತೀರ್ಪಲ್ಲ, ತೀರ್ಪಿನ ಸೋಗು. ಕರ್ತೃತ್ವದ ಚರ್ಚೆ ಗ್ರಂಥದ ಆಂತರಿಕ ಆಧಾರಗಳ ಮತ್ತು ಅನಂತರದ ಲಕ್ಷಣಕಾರರ ಉಲ್ಲೇಖಗಳ ಮೇಲೆಯೇ ನಡೆಯಬೇಕಾಗುತ್ತದೆ.

ಶಾಸನಗಳ ಸಂಗತಿ ಬೇರೆ. ಬಿ. ಎಲ್. ರೈಸ್ ಅವರು ಆರಂಭಿಸಿದ 'ಎಪಿಗ್ರಾಫಿಯ ಕರ್ನಾಟಿಕ'ದ ಸಂಪುಟಗಳಲ್ಲಿಯೇ ಸಾವಿರಾರು ಶಾಸನಗಳಿದ್ದು, ಅವುಗಳಲ್ಲಿ ಅನೇಕಕ್ಕೆ ಶಕವರ್ಷದ ಉಲ್ಲೇಖವಿದೆ. ಕಾಲ ತಿಳಿದ ಶಾಸನಗಳಿಂದ ಮಾದರಿ ರಚಿಸಿ, ಅವುಗಳಲ್ಲಿಯೇ ಎತ್ತಿಟ್ಟ ಕೆಲವನ್ನು ಕಾಲ ತಿಳಿಯದವೆಂಬಂತೆ ಭಾವಿಸಿ ಪರೀಕ್ಷಿಸಲು ಇಲ್ಲಿ ಅವಕಾಶವಿದೆ. ಆದರೆ ಹಲ್ಮಿಡಿ ಶಾಸನದಂತಹ, ಆಸುಪಾಸಿನ ಕಾಲದ ಕನ್ನಡ ಶಾಸನಗಳೇ ವಿರಳವಾಗಿರುವ ಕಡೆ ಮಾದರಿಯು ತನ್ನ ದತ್ತಾಂಶದ ಎಲ್ಲೆಯಾಚೆಗೆ ಮಾತನಾಡಬೇಕಾಗುತ್ತದೆ. ಅಲ್ಲಿ ಅದರ ಮಾತಿಗೆ ಬೆಲೆ ಕಡಿಮೆ.

9. ಸಮಾರೋಪ

ಮಾದರಿಯ ಆಯ್ಕೆಯ ಶಾಸ್ತ್ರವು ಸಂಶೋಧಕನಿಗೆ ಸಿದ್ಧ ಉತ್ತರವನ್ನು ಕೊಡುವುದಿಲ್ಲ. ಕೇಳಿಕೊಳ್ಳಲೇಬೇಕಾದ ಕೆಲವು ಪ್ರಶ್ನೆಗಳನ್ನು ಕೊಡುತ್ತದೆ. ವಿವರಣೆಯ ಉದ್ದೇಶವೇನು? ಪ್ರತಿ ಅಪವಾದಕ್ಕೂ ಒಂದು ಉಪನಿಯಮವನ್ನು ಸೇರಿಸುತ್ತ ಹೋದಾಗ ವಾದ ಬಲಗೊಳ್ಳುತ್ತಿದೆಯೇ ಅಥವಾ ಅತಿಹೊಂದಿಕೆಗೆ ಒಳಗಾಗುತ್ತಿದೆಯೇ? ವಾದವನ್ನು ಕಟ್ಟಲು ಬಳಸಿದ ಆಧಾರವನ್ನೇ ಅದನ್ನು ಸಮರ್ಥಿಸಲೂ ಬಳಸಲಾಗಿದೆಯೇ? ಕೈಬಿಟ್ಟ ಊಹೆಗಳನ್ನು ಓದುಗರ ಮುಂದೆ ಇಡಲಾಗಿದೆಯೇ? ಸ್ಪರ್ಧಿಗಳನ್ನು ಹೋಲಿಸಲು ಬೇಕಾದ ಸಾಮಗ್ರಿ ನಿಜಕ್ಕೂ ಇದೆಯೇ?

ಅಂಕಿಗಳ ಸಹಾಯವಿಲ್ಲದೆ ನಡೆಯುವ ಸಂಶೋಧನೆಗೂ ಈ ಪ್ರಶ್ನೆಗಳು ಅನ್ವಯಿಸುತ್ತವೆ. ಶಬ್ದದ ನಿಷ್ಪತ್ತಿಯಾಗಲಿ, ಕವಿಯ ಕಾಲವಾಗಲಿ, ಸ್ಥಳನಾಮದ ಮೂಲವಾಗಲಿ, ಎಲ್ಲವನ್ನೂ ವಿವರಿಸಿಬಿಡುವ ವಾದವನ್ನು ಕಂಡಾಗ ಮೆಚ್ಚುವ ಮೊದಲು ಅನುಮಾನಿಸಬೇಕೆಂಬುದನ್ನು ಸಂಖ್ಯಾಶಾಸ್ತ್ರ ಲೆಕ್ಕ ಹಾಕಿ ತೋರಿಸಿದೆ. ಮೈಸೂರು ರಸ್ತೆಯ ಆಸುಪಾಸಿನ ಈ ಎರಡು ಆವರಣಗಳ ವಿದ್ಯಾರ್ಥಿಗಳು ಪರಸ್ಪರರ ಪ್ರಬಂಧಗಳನ್ನು ಓದುವ ಸಂದರ್ಭ ಒದಗಿದರೆ, ಕಾಲವಿಲ್ಲದ ಒಂದು ಶಾಸನವನ್ನು ಮುಂದಿಟ್ಟುಕೊಂಡು ಮಾತು ಆರಂಭಿಸಬಹುದು.